ಎಷ್ಟನೇ ರೌಂಡು?

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಎದುರಾಗುವ ಪರಿಚಿತರು ನಮಸ್ಕಾರದ ಜಾಗದಲ್ಲಿ ಕೇಳುವ ಮಾತು ಒಂದೇ: "ಎಷ್ಟನೇ ರೌಂಡು ಸಾರ್?" ಉತ್ತರವೂ ಸಲೀಸು, ಒಂದೋ ಎರಡೋ ಎಂದು ಬೆರಳು ತೋರಿಸಿ ಮುಂದೆ ಹೋದರಾಯಿತು. ಏದುಸಿರು ಬಿಡಿಸುವ ದಾರಿಯೇನಲ್ಲ ಇದು. ಸಮತಟ್ಟು ನೆಲ, ಮರದ ನೆರಳು, ಸುಮಾರು ಒಂದು ಗಂಟೆಯ ನಡಿಗೆ. ಹೊರಟ ಗೇಟಿಗೇ ಬಂದು ನಿಲ್ಲುತ್ತೇವೆ. ಹಾಗಿದ್ದರೆ ಹೋಗಿದ್ದೆಲ್ಲಿಗೆ?

ಸುತ್ತು ಬರುವುದು ನಮ್ಮವರಿಗೆ ಹೊಸದಲ್ಲ. ಗರ್ಭಗುಡಿ, ಅರಳಿಕಟ್ಟೆ, ಮನೆಯಂಗಳದ ತುಳಸಿ ಎಲ್ಲವನ್ನೂ ಬಲಕ್ಕಿಟ್ಟುಕೊಂಡು ಸುತ್ತಿದವರೇ ನಾವು. ಆ ಸುತ್ತಿನಲ್ಲಿ ನಡುವಿನದ್ದು ದೊಡ್ಡದು, ನಡೆಯುವವನು ಅಂಚಿನವನು. ತಲೆ ಒಪ್ಪದಿದ್ದರೂ ಕಾಲು ಇದನ್ನು ಒಪ್ಪಿಕೊಂಡಿರುತ್ತದೆ. ಕೆರೆಯ ರೌಂಡಿನಲ್ಲೂ ನಡುವೆ ಒಂದು ದೊಡ್ಡದಿದೆ, ಸುತ್ತ ನಾವಿದ್ದೇವೆ. ಆದರೆ ಲೆಕ್ಕ ಹೋಗುವುದು ಕೈಗಡಿಯಾರಕ್ಕೆ, ಸಕ್ಕರೆ ಕಾಯಿಲೆಗೆ, ಡಾಕ್ಟರ ಚೀಟಿಗೆ. ಇದನ್ನು ಆಡಿಕೊಳ್ಳುವುದು ಸುಲಭ, ನಾನು ಆಡಿಕೊಳ್ಳುವುದಿಲ್ಲ. ಮೈ ನೆಟ್ಟಗಿದ್ದರೆ ತಾನೇ ಉಳಿದದ್ದೆಲ್ಲ. ಆದರೂ ನಡುವೆ ಇದ್ದದ್ದು ಯಾವಾಗ ಬದಲಾಯಿತು ಎನ್ನುವುದು ಕಾಡುತ್ತದೆ.

ಇದೇ ದಂಡೆಯಲ್ಲಿ ಕುವೆಂಪು ನಡೆಯುತ್ತಿದ್ದರು. ಕೆರೆಗೆ ತಾಗಿದಂತಿರುವ ವಿಶ್ವವಿದ್ಯಾಲಯದ ಆವರಣಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಆರ್.ಕೆ. ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಈ ಕೆರೆಯ ಕಡೆಗಿನ ಅಲೆದಾಟವನ್ನು ನೆನೆದಿದ್ದಾರೆ. ಒಬ್ಬರದು ಕನ್ನಡದ ಕಾವ್ಯ, ಇನ್ನೊಬ್ಬರದು ಇಂಗ್ಲಿಷ್ ಕಾದಂಬರಿ, ನೀರು ಮಾತ್ರ ಒಂದೇ. ದೊಡ್ಡವರು ನಡೆದ ದಾರಿ ಎಂದು ಹೆಮ್ಮೆಪಡುವುದಕ್ಕೆ ನಾವು ಎಂದೂ ಹಿಂದೆ ಬಿದ್ದವರಲ್ಲ. ನನಗೆ ಮಾತ್ರ ಅವರಿಗಿಂತ ಮೊದಲಿನ ಕಾಲದ ಮೇಲೇ ಕುತೂಹಲ ಹೆಚ್ಚು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದನ್ನು ಕಟ್ಟಿಸಿದಾಗ ಇಲ್ಲಿ ವಾಯುವಿಹಾರದ ಯೋಚನೆ ಇರಲಿಲ್ಲ. ಊರಾಚೆಯ ಜಾಗ, ಬೇಸಾಯಕ್ಕೆಂದು ನೀರು.

ನಿಧಾನವಾಗಿ ಸುತ್ತಿದರೆ ಕೆರೆಯ ರಚನೆ ಕಾಲಿಗೇ ತಿಳಿಯುತ್ತದೆ. ಮನುಷ್ಯರು ಕಟ್ಟಿದ್ದು ಒಂದು ಬದಿ ಮಾತ್ರ, ಆ ಏರಿ. ಅಲ್ಲಿ ದಡ ಖಚಿತ, ನೀರು ಇಲ್ಲಿಗೆ ನಿಲ್ಲು ಎಂದು ಮಣ್ಣು ಗದರಿಸಿದಂತೆ. ಎದುರು ದಂಡೆಯಲ್ಲಿ ಹಾಗೆ ಗೆರೆ ಎಳೆಯಲಾಗದು. ಮಳೆ ಚೆನ್ನಾದ ವರ್ಷ ನೀರು ಮುಂದೆ ಬರುತ್ತದೆ, ಬರಗಾಲದಲ್ಲಿ ಹಿಂದೆ ಸರಿದು ಕೆರೆಯಂಗಳ ಬಿರುಕು ಬಿಡುತ್ತದೆ. ಕೆರೆ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂಬುದನ್ನು ಆಯಾ ವರ್ಷವೇ ಹೇಳಬೇಕು. ಸುತ್ತಲೂ ಕಾಲುದಾರಿ ಮಾಡಿ ಬೇಲಿ ಹಾಕಿದ ಮೇಲೆ ಆ ಅನುಮಾನಕ್ಕೆ ಜಾಗವಿಲ್ಲ. ಬೇಲಿಯ ಒಳಗಿರುವುದು ಕೆರೆ, ಹೊರಗಿರುವುದು ಊರು, ಅಷ್ಟೇ.

ಹಕ್ಕಿಗಳು ಈ ವಿಭಾಗವನ್ನು ಒಪ್ಪಿಲ್ಲ. ಇಲ್ಲಿಯ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆ ಗೂಡು ಕಟ್ಟುತ್ತದೆ. ಅದು ಮೀನು ಹಿಡಿಯುವುದನ್ನು ಒಮ್ಮೆ ನಿಂತು ನೋಡಬೇಕು. ಕೊಕ್ಕು ತೆರೆದು ಗಂಟಲ ಚೀಲವನ್ನು ನೀರಿಗೆ ಅದ್ದುತ್ತದೆ, ಚೀಲ ಉಬ್ಬುತ್ತದೆ. ಆಮೇಲೆ ಅವಸರವಿಲ್ಲ. ಕೊಕ್ಕನ್ನು ಎದೆಗೆ ಒತ್ತಿ ಹಿಡಿದಿದ್ದ ನೀರನ್ನೆಲ್ಲ ಬಸಿದು ಹಾಕಿ, ಮೀನು ಮಾತ್ರ ಉಳಿಯಿತು ಎಂದು ಖಾತ್ರಿಯಾದ ಮೇಲೆ ಕೊಕ್ಕೆತ್ತಿ ನುಂಗುತ್ತದೆ. ಇಷ್ಟನ್ನು ನೋಡಲು ರೌಂಡು ನಿಲ್ಲಿಸಬೇಕು. ನಿಲ್ಲಿಸಿದವರನ್ನು ಹಿಂದಿನವರು ಬಳಸಿಕೊಂಡು ಹೋಗುತ್ತಾರೆ, ಕೆಲವರು ಮುಖ ಸಿಂಡರಿಸುವುದೂ ಉಂಟು.

ಹೀಗೆ ನಿಂತು ನೋಡುತ್ತಲೇ ಕೆರೆ ಸುತ್ತುವ ಕೆಲಸ ಹಳೇ ಮೈಸೂರಿನ ಹಳ್ಳಿಗಳಲ್ಲಿ ಒಬ್ಬನ ಪಾಲಿಗಿತ್ತು, ನೀರಗಂಟಿಯ ಪಾಲಿಗೆ. ತೂಬು ಎತ್ತಿ ಅಚ್ಚುಕಟ್ಟಿಗೆ ಸರದಿಯಂತೆ ನೀರು ಬಿಡುವವನು ಅವನೇ. ಮಳೆಗಾಲದಲ್ಲಿ ಏರಿಯುದ್ದಕ್ಕೂ ಅವನ ಕಣ್ಣು. ಏಡಿ ಬಿಲ ತೋಡಿದೆಯೇ, ಹೆಗ್ಗಣ ಸೇರಿದೆಯೇ, ಎಲ್ಲಾದರೂ ಜಿನುಗುತ್ತಿದೆಯೇ, ಕೋಡಿಯಲ್ಲಿ ಕಸ ಕಟ್ಟಿಕೊಂಡಿದೆಯೇ? ಅವನೂ ಹೊರಟಲ್ಲಿಗೇ ಮರಳುತ್ತಿದ್ದ. ಆದರೆ ಅವನ ಸುತ್ತಿನ ಅರ್ಥ ಸುತ್ತಿನ ಹೊರಗಿತ್ತು: ಮೇಲೆ ನೀರು ಬರುವ ಹಳ್ಳದಲ್ಲಿ, ಕೆಳಗೆ ನೀರು ಕಾಯುವ ಗದ್ದೆಯಲ್ಲಿ. ಕೆರೆ ಅವನಿಗೆ ನಡುವಿನ ತಾಣ. ಕೆರೆ ಕಟ್ಟಿದವರಿಗೂ ಕಾಯುವವರಿಗೂ ಭೂಮಿ ಬಿಟ್ಟುಕೊಟ್ಟ ಶಾಸನಗಳು ಕನ್ನಡ ನಾಡಿನ ತುಂಬ ಇವೆ. ಆ ದಾನವನ್ನು ಅಳಿದವನಿಗೆ ಕಾಶಿಯಲ್ಲಿ ಕಪಿಲೆಯನ್ನು ಕೊಂದ ಪಾಪ ಎಂದು ಹೆದರಿಸಿರುವುದೂ ಉಂಟು. ಬರಿಯ ಚಂದದ ನೋಟಕ್ಕಾಗಿ ಯಾರೂ ಇಷ್ಟು ಗಟ್ಟಿಯಾಗಿ ಶಪಿಸುವುದಿಲ್ಲ.

ಪ್ರದಕ್ಷಿಣೆಗೂ ರೌಂಡಿಗೂ ನಡುವಿನ ಸುತ್ತು ನೀರಗಂಟಿಯದು. ಭಕ್ತಿ ಬೇಕಿಲ್ಲ, ಆರೋಗ್ಯದ ಲೆಕ್ಕವೂ ಬೇಕಿಲ್ಲ, ಇನ್ನೊಬ್ಬರ ಗದ್ದೆಯ ನೆನಪಿದ್ದರೆ ಸಾಕು. ನಾವು ಕೆರೆಯನ್ನು ಪೂರ್ತಿ ಸುತ್ತಿದೆವು ಎಂದುಕೊಂಡಾಗ ಸುತ್ತಿರುವುದು ನೀರಿನ ಅಂಚನ್ನು ಮಾತ್ರ. ಕುಕ್ಕರಹಳ್ಳಿಗೆ ನೀರು ತರುತ್ತಿದ್ದ ಪೂರ್ಣಯ್ಯ ನಾಲೆಯ ಹಾದಿಯಲ್ಲಿ ಈಗ ಬಡಾವಣೆಗಳು ಎದ್ದಿವೆ. ಮಳೆನೀರು ಬರಬೇಕಾದಲ್ಲಿ ಚರಂಡಿ ನೀರು ನುಗ್ಗಿದ್ದೂ ಆಗಿದೆ. ರೌಂಡಿನೊಳಗೆ ಇದ್ದುಕೊಂಡು ಇದನ್ನು ಸರಿಪಡಿಸುವುದು ಆಗದ ಮಾತು, ಕಾಣುವುದೇ ಕಷ್ಟ. ದಾರಿಗೆ ಕಲ್ಲುಬೆಂಚು ಹಾಕಿಸಿ ಎಂದು ಕೇಳುವಷ್ಟು ಜೋರಾಗಿ ನಾಲೆ ಬಿಡಿಸಿ ಎಂದು ನಾವು ಕೇಳಿಲ್ಲ.

ಒಂದು ಭಾನುವಾರ ರೌಂಡು ಬಿಟ್ಟುಬಿಡಿ. ಗೇಟಿನಿಂದ ಆಚೆ ಬಂದು ಹಿನಕಲ್, ಬೋಗಾದಿ ಕಡೆಗೆ ನಾಲೆಯ ಜಾಡು ಹಿಡಿದು ನಡೆಯಿರಿ. ಮೈಸೂರಿನವರಲ್ಲದಿದ್ದರೆ ನಿಮ್ಮೂರಿನ ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಹಿರಿಯರೊಬ್ಬರನ್ನು ಕೇಳಿ, ಸಾಧ್ಯವಾದರೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.