ನನ್ನ ಹಕ್ಕು, ನನ್ನ ಮೇಲಿನ ಹಕ್ಕು

ಬಸ್ಸಿನ ಕಂಡಕ್ಟರು ‘ರೈಟ್’ ಎಂದರೆ ಬಸ್ಸು ಹೊರಡುತ್ತದೆ. ಶಾಲೆಯಲ್ಲಿ ಟೀಚರು ಉತ್ತರದ ಪಕ್ಕ ರೈಟ್ ಹಾಕಿದರೆ ಅಂಕ ಸಿಗುತ್ತದೆ. ದಾರಿ ಕೇಳಿದವರಿಗೆ ಮಸೀದಿಯ ಹತ್ತಿರ ರೈಟಿಗೆ ತಿರುಗಿ ಎನ್ನುತ್ತೇವೆ. ಗಣಿತದ ಪುಸ್ತಕದಲ್ಲಿ ತೊಂಬತ್ತು ಡಿಗ್ರಿಯ ಕೋನದ ಇಂಗ್ಲಿಷ್ ಹೆಸರಿನಲ್ಲೂ ಅದೇ ಪದವಿದೆ. ಇನ್ನು ಅಣ್ಣತಮ್ಮಂದಿರು ಆಸ್ತಿಯ ಮುಂದೆ ಎದುರುಬದುರಾಗಿ ನಿಂತಾಗ ಕೇಳಿಬರುವುದೂ ‘ಇದು ನನ್ನ ರೈಟ್’ ಎಂಬ ಮಾತೇ. ಬಲಗಡೆ, ಸರಿ, ನೇರ, ಹಕ್ಕು. ಇಷ್ಟೆಲ್ಲ ಅರ್ಥಗಳನ್ನು ಒಂದು ಪುಟ್ಟ ಪದ ಹೊತ್ತುಕೊಂಡಿದೆ.

ಒಂದೇ ಪದಕ್ಕೆ ಇಷ್ಟು ಅರ್ಥಗಳು ಹೇಗೆ ಬಂದವೆಂದು ನಿಮ್ಮ ಮಗು ಕೇಳಿದರೆ ಏನು ಹೇಳುವಿರಿ? ಆ ಪದದ ಮೂಲ ಅರ್ಥ ನೇರವಾದದ್ದು, ಬಾಗದ್ದು ಎಂದು. ನೇರವಾದದ್ದೇ ಸರಿಯಾದದ್ದು. ಹೆಚ್ಚಿನವರಿಗೆ ಸರಿಯಾಗಿ ಕೆಲಸಕ್ಕೆ ಬರುವ ಕೈ ಬಲಗೈ. ನ್ಯಾಯವಾಗಿ ಒಬ್ಬನಿಗೆ ಸಲ್ಲಬೇಕಾದದ್ದು ಅವನ ಹಕ್ಕು. ಕೊಂಬೆಗಳು ಹಲವಾದರೂ ಬೇರು ಒಂದೇ. ನಾವೂ ಐದು ಹೊತ್ತಿನ ಫರ್ಝ್ ನಮಾಝಿನ 17 ರಕಅತ್‌ಗಳಲ್ಲಿ ಫಾತಿಹಾ ಓದುತ್ತಾ ಅಲ್ಲಾಹನಲ್ಲಿ ಬೇಡುವುದು ನೇರವಾದ ಮಾರ್ಗವನ್ನೇ ಅಲ್ಲವೇ?

ಆದರೆ ಈ ಕೊಂಬೆಗಳಲ್ಲಿ ಎರಡು ಇಂದು ಪರಸ್ಪರ ದೂರವಾಗಿವೆ. ‘ಇದು ನನ್ನ ಹಕ್ಕು’ ಎನ್ನುವವನು ‘ಇದು ಸರಿಯೇ?’ ಎಂದು ತನ್ನನ್ನು ಕೇಳಿಕೊಳ್ಳುವುದು ಅಪರೂಪವಾಗಿದೆ. ಹಕ್ಕಿದೆ ಎಂದ ಮೇಲೆ ಸರಿ ತಪ್ಪಿನ ಮಾತೇಕೆ ಎಂಬುದು ನಮ್ಮ ಕಾಲದ ಧೋರಣೆ. ಕನ್ನಡದಲ್ಲಂತೂ ಇನ್ನೊಂದು ಅಪಾಯವಿದೆ. ಇಲ್ಲಿ ಬಲ ಎಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಬಲವಿದ್ದವನದೇ ಹಕ್ಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡೆಸಿಕೊಂಡು ಬರುತ್ತಾರೆ ಅಷ್ಟೆ.

ಹಕ್ಕು ಎಂಬ ಪದವನ್ನೇ ನೋಡಿ. ಇದನ್ನು ನಾವು ಕನ್ನಡದ್ದೆಂದೇ ತಿಳಿದಿದ್ದೇವೆ. ವಾರಸು, ವಕೀಲ, ಕಾನೂನು ಮುಂತಾದ ಪದಗಳ ಹಾಗೆ ಇದೂ ಅರಬಿಯಿಂದ ಆಡಳಿತದ ಭಾಷೆಯ ಮೂಲಕ ಕನ್ನಡಕ್ಕೆ ಬಂದದ್ದು. ಬರುವಾಗ ಅರ್ಧ ಅರ್ಥವನ್ನು ದಾರಿಯಲ್ಲೇ ಬಿಟ್ಟು ಬಂದಿತು. ಅರಬಿಯ ‘ಹಕ್ಕ್’ ಎಂದರೆ ಮೊದಲು ಸತ್ಯ. ಅಲ್ಲಾಹನ ಪವಿತ್ರ ನಾಮಗಳಲ್ಲಿ ‘ಅಲ್ ಹಕ್ಕ್’ ಕೂಡ ಒಂದು. ಅದೇ ಪದಕ್ಕೆ ಒಬ್ಬನಿಗೆ ಸಲ್ಲಬೇಕಾದದ್ದು ಎಂಬ ಅರ್ಥವೂ ಇದೆ, ಅವನು ಸಲ್ಲಿಸಬೇಕಾದದ್ದು ಎಂಬ ಅರ್ಥವೂ ಇದೆ. ‘ನನಗೆ ಹಕ್ಕಿದೆ’ ಎನ್ನುವಂತೆಯೇ ‘ನನ್ನ ಮೇಲೆ ಹಕ್ಕಿದೆ’ ಎಂದೂ ಅರಬಿಯಲ್ಲಿ ಹೇಳುತ್ತಾರೆ. ನಮ್ಮ ಬಾಯಲ್ಲಿ ಉಳಿದದ್ದು ಮೊದಲನೆಯದು ಮಾತ್ರ.

ಕುರ್‌ಆನ್ ಈ ಪದವನ್ನು ಬಳಸಿರುವ ಒಂದು ರೀತಿಯನ್ನು ಗಮನಿಸಿ. ಸೂರಃ ಅಝ್ಝಾರಿಯಾತ್‌ನಲ್ಲಿ ಸಜ್ಜನರನ್ನು ವರ್ಣಿಸುವಾಗ, ಅವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ ಹಕ್ಕಿದೆಯೆಂದು ಹೇಳಲಾಗಿದೆ. ದಾನ ಎನ್ನಲಿಲ್ಲ, ದಯೆ ಎನ್ನಲಿಲ್ಲ, ಹಕ್ಕು ಎಂದಿತು. ಬಾಗಿಲಿಗೆ ಬಂದ ಬಡವನಿಗೆ ನೀವು ಕೊಡುವುದು ನಿಮ್ಮ ಔದಾರ್ಯವಲ್ಲ. ನಿಮ್ಮ ಬಳಿಯಿದ್ದ ಅವನ ವಸ್ತುವನ್ನು ಅವನಿಗೆ ತಲುಪಿಸಿದ್ದೀರಿ. ಹಾಗಿರುವಾಗ ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕೆ ಏನಿದೆ?

ಹ. ಸಲ್ಮಾನ್ ಫಾರಿಸಿ(ರ)ಯವರು ತಮ್ಮ ಸಹೋದರ ಹ. ಅಬೂದರ್ದಾ(ರ)ರ ಮನೆಗೆ ಹೋದ ಪ್ರಸಂಗವನ್ನು ನೀವು ಕೇಳಿರಬಹುದು. ಅಬೂದರ್ದಾ(ರ) ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್. ಮನೆಯಾಕೆ ಮಾಸಿದ ಬಟ್ಟೆಯಲ್ಲಿದ್ದರು. ಸಲ್ಮಾನ್(ರ) ಅವರನ್ನು ಉಣ್ಣಿಸಿದರು, ರಾತ್ರಿ ಮಲಗಿಸಿದರು, ಇರುಳಿನ ಕೊನೆಯ ಭಾಗದಲ್ಲಿ ಎಬ್ಬಿಸಿ ಜೊತೆಗೂಡಿ ನಮಾಝ್ ಮಾಡಿದರು. ಬಳಿಕ, ನಿಮ್ಮ ಮೇಲೆ ನಿಮ್ಮ ಪ್ರಭುವಿಗೆ ಹಕ್ಕಿದೆ, ನಿಮ್ಮ ಶರೀರಕ್ಕೆ ಹಕ್ಕಿದೆ, ನಿಮ್ಮ ಮನೆಯವರಿಗೆ ಹಕ್ಕಿದೆ, ಅವರವರ ಹಕ್ಕನ್ನು ಅವರವರಿಗೆ ಸಲ್ಲಿಸಿರೆಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ರಿಗೆ ಮುಟ್ಟಿದಾಗ ಅವರು ಸಲ್ಮಾನರ ಮಾತನ್ನು ಸಮರ್ಥಿಸಿದರು (ಬುಖಾರಿ). ಇಲ್ಲಿ ಎಲ್ಲ ಹಕ್ಕುಗಳೂ ಒಬ್ಬ ಮನುಷ್ಯನ ಮೇಲೆ ಇರುವಂಥವು.

ಹಾಗೆಂದು ತನ್ನ ಹಕ್ಕನ್ನು ಕೇಳುವುದು ಇಸ್ಲಾಮಿನಲ್ಲಿ ತಪ್ಪಲ್ಲ. ಸಾಲ ಕೊಟ್ಟವನೊಬ್ಬ ಪ್ರವಾದಿ(ಸ)ರ ಬಳಿಗೇ ಬಂದು ಒರಟಾಗಿ ಮಾತಾಡಿದ. ಸಹಾಬಿಗಳು ಅವನ ಮೇಲೆ ಏರಿಹೋಗಲಿದ್ದರು. ಪ್ರವಾದಿ(ಸ)ರು ಅವರನ್ನು ತಡೆದರು. ಹಕ್ಕುಳ್ಳವನಿಗೆ ಮಾತನಾಡುವ ಅಧಿಕಾರವಿದೆ ಎಂದರು. ಅವನಿಗೆ ಸಲ್ಲಬೇಕಾಗಿದ್ದ ಪ್ರಾಯದ ಒಂಟೆ ಸಿಗದಿದ್ದಾಗ ಅದಕ್ಕಿಂತ ಉತ್ತಮವಾದುದನ್ನೇ ಕೊಡಿಸಿದರು. ಸಾಲ ಕೇಳಲು ಬಂದವರನ್ನು ಬಾಗಿಲಲ್ಲೇ ಗದರಿಸಿ ಕಳಿಸುವವರು ಇದನ್ನು ಓದಬೇಕು.

ವಿಶ್ವಸಂಸ್ಥೆ 1948ರಲ್ಲಿ ಸಾರಿದ ಮಾನವ ಹಕ್ಕುಗಳ ಘೋಷಣೆಯಲ್ಲಿ 30 ವಿಧಿಗಳಿವೆ. ಸಮಾಜಕ್ಕೆ ಮನುಷ್ಯ ಸಲ್ಲಿಸಬೇಕಾದ ಕರ್ತವ್ಯದ ಮಾತು ಬರುವುದು 29ನೇ ವಿಧಿಯಲ್ಲಿ. ನಮ್ಮ ಸಂವಿಧಾನಕ್ಕೂ ಮೂಲಭೂತ ಕರ್ತವ್ಯಗಳು ಸೇರಿದ್ದು 1976ರ ತಿದ್ದುಪಡಿಯಿಂದ. ಇವುಗಳನ್ನು ಹಗುರ ಮಾಡುವುದು ನನ್ನ ಉದ್ದೇಶವಲ್ಲ. ದುರ್ಬಲನನ್ನು ಪ್ರಬಲನಿಂದ ಕಾಪಾಡಲು ಹಕ್ಕಿನ ಭಾಷೆ ಬೇಕೇ ಬೇಕು. ಆದರೆ ಮನೆಯೊಳಗೆ, ಒಡಹುಟ್ಟಿದವರ ನಡುವೆ ಆ ಒಂದು ಭಾಷೆ ಸಾಲದು.

ಮನೆಯೊಳಗಿನ ಮಾತು ಬಂದಾಗ ಒಂದನ್ನು ಹೇಳಲೇಬೇಕು. ತಂದೆ ತಾಯಿ ಬಿಟ್ಟುಹೋದ ಸೊತ್ತಿನಲ್ಲಿ ಗಂಡಸರಿಗೆ ಪಾಲಿರುವಂತೆ ಹೆಂಗಸರಿಗೂ ಪಾಲಿದೆ, ಸೊತ್ತು ಅಲ್ಪವಿರಲಿ ಅಧಿಕವಿರಲಿ ಎಂದು ಸೂರಃ ಅನ್ನಿಸಾದಲ್ಲಿ ಅಲ್ಲಾಹನು ಸ್ಪಷ್ಟವಾಗಿ ಆಜ್ಞಾಪಿಸಿದ್ದಾನೆ. ನಮ್ಮಲ್ಲಿ ಏನಾಗುತ್ತದೆ? ತಂದೆಯ ಮರಣದ ನಂತರ ತಂಗಿಯನ್ನು ಗಂಡನ ಮನೆಯಿಂದ ಕರೆಸಲಾಗುತ್ತದೆ. ಒಳ್ಳೆಯ ಊಟವಾಗುತ್ತದೆ. ಆಮೇಲೆ ಹಕ್ಕು ಬಿಡುಗಡೆ ಪತ್ರವೊಂದು ಅವಳ ಮುಂದೆ ಬರುತ್ತದೆ. ‘ನಿನ್ನ ಮದುವೆಗೆ ಖರ್ಚು ಮಾಡಿದ್ದೇವಲ್ಲ’ ಎನ್ನುತ್ತಾನೆ ಅಣ್ಣ. ಅವಳು ತವರಿನ ಬಾಗಿಲು ಮುಚ್ಚಿಹೋದೀತೆಂದು ಹೆದರಿ ಸಹಿ ಹಾಕುತ್ತಾಳೆ. ಕಾಗದ ಪಕ್ಕಾ, ಸಾಕ್ಷಿಗಳಿದ್ದಾರೆ, ನೋಂದಣಿಯೂ ಆಗಿದೆ. ಇನ್ನು ಜಮೀನು ಕಾನೂನಿನ ಪ್ರಕಾರ ಅಣ್ಣನ ಹಕ್ಕು. ಅದು ಸರಿಯೇ?

ಮನಸ್ಸಾರೆ ಬಿಟ್ಟುಕೊಡುವುದು ಬೇರೆ, ಬಿಡದೆ ಗತಿಯಿಲ್ಲವೆಂದು ಬಿಡುವುದು ಬೇರೆ. ಎರಡರಲ್ಲೂ ಸಹಿ ಒಂದೇ ತರ ಕಾಣುತ್ತದೆ. ಆ ವ್ಯತ್ಯಾಸ ನೋಂದಣಿ ಕಚೇರಿಗೆ ಕಾಣದು. ಅಣ್ಣನಿಗೆ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಓದುಗರೇ, ನಿಮ್ಮ ಕಪಾಟಿನಲ್ಲಿ ಅಂಥ ಪತ್ರವೊಂದಿದ್ದರೆ ಅದನ್ನು ಒಮ್ಮೆ ಹೊರತೆಗೆದು ನೋಡಿ. ತಂಗಿ ಬದುಕಿದ್ದರೆ ಇನ್ನೂ ಕಾಲ ಮಿಂಚಿಲ್ಲ.

ಹ. ಉಮ್ಮು ಸಲಮಾ(ರ) ವರದಿ ಮಾಡಿದ ಒಂದು ಹದೀಸ್ ಅಬೂದಾವೂದ್‌ನಲ್ಲಿದೆ. ಹಳೆಯ ವಾರಸಿನ ಸೊತ್ತಿನ ಬಗ್ಗೆ ವಿವಾದವಿದ್ದ ಇಬ್ಬರು ಪ್ರವಾದಿ(ಸ)ರ ಬಳಿಗೆ ಬಂದರು. ಇಬ್ಬರಲ್ಲೂ ವಾದ ಬಿಟ್ಟರೆ ಬೇರೆ ಪುರಾವೆಯಿರಲಿಲ್ಲ. ಪ್ರವಾದಿ(ಸ)ರು ಅವರಿಗೆ ಹೇಳಿದ ಮಾತಿನ ಸಾರ ಇದು: ನಾನೂ ಮನುಷ್ಯನೇ. ನಿಮ್ಮಲ್ಲೊಬ್ಬರು ಇನ್ನೊಬ್ಬರಿಗಿಂತ ಚತುರವಾಗಿ ವಾದಿಸಬಹುದು, ಕೇಳಿದ್ದನ್ನು ಆಧರಿಸಿ ನಾನು ತೀರ್ಪು ಕೊಡಬಹುದು. ಆ ತೀರ್ಪಿನಲ್ಲಿ ಯಾರಿಗಾದರೂ ಅವನ ಸಹೋದರನ ಹಕ್ಕು ಸಿಕ್ಕಿದ್ದರೆ ಅವನು ಅದನ್ನು ತೆಗೆದುಕೊಳ್ಳಬಾರದು, ಅದು ಬೆಂಕಿಯ ತುಂಡು. ಸ್ವತಃ ಪ್ರವಾದಿ(ಸ)ರ ತೀರ್ಪು ಕೂಡ ಅನ್ಯರ ಹಕ್ಕನ್ನು ನಮಗೆ ಹಲಾಲ್ ಮಾಡದು ಎಂದ ಮೇಲೆ ನಮ್ಮ ಕಾಗದಪತ್ರಗಳ ಮಾತೇನು!

ಇದನ್ನು ಕೇಳಿ ಅವರಿಬ್ಬರೂ ಅತ್ತುಬಿಟ್ಟರು. ನನ್ನ ಹಕ್ಕು ನಿನಗೇ ಇರಲಿ ಎಂದು ಒಬ್ಬ ಹೇಳಿದ, ನನ್ನದೂ ನಿನಗೇ ಎಂದು ಮತ್ತೊಬ್ಬ. ಆದರೆ ಪ್ರವಾದಿ(ಸ)ರು ಆ ಕಣ್ಣೀರಿಗೆ ತೃಪ್ತರಾಗಿ ಸುಮ್ಮನಾಗಲಿಲ್ಲ. ಹೋಗಿ ಸೊತ್ತನ್ನು ಪಾಲು ಮಾಡಿಕೊಳ್ಳಿ, ಸರಿಯಾದುದನ್ನೇ ಅರಸಿ, ಚೀಟಿ ಎತ್ತಿ, ಆಮೇಲೆ ಒಬ್ಬರು ಇನ್ನೊಬ್ಬರನ್ನು ಮನ್ನಿಸಿ ಎಂದು ಕಳಿಸಿಕೊಟ್ಟರು.