ಗೇರು ಮತ್ತು ಮೋಟಾರು

ನಮ್ಮ ಮದುವೆಗಳಲ್ಲಿ ಕಾಶೀಯಾತ್ರೆ ಎಂಬ ಶಾಸ್ತ್ರವೊಂದಿದೆ. ವರನು ಕೊಡೆ ಹಿಡಿದು, ಕೋಲು ಊರಿ, ಹೊಸ ಪಾದರಕ್ಷೆ ಮೆಟ್ಟಿ ಹೊರಡುತ್ತಾನೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹುಡುಗಿಯ ತಂದೆ ಬಂದು ಹಿಂದಕ್ಕೆ ಕರೆತರುತ್ತಾರೆ. ಸಲಕರಣೆಯೆಲ್ಲ ಸಿದ್ಧ, ಯಾತ್ರೆ ಮಾತ್ರ ಇಲ್ಲ! ನೌಕರಿಯ ನಿಮಿತ್ತ ಕಾಶಿಯಲ್ಲೇ ನೆಲೆಸಿರುವ ನಮಗೆ ಈ ವಿನೋದದ ಹಿಂದೆ ಗಂಭೀರವಾದ ಪ್ರಶ್ನೆಯೊಂದು ಕಾಣುತ್ತದೆ. ಶ್ರಮವನ್ನು ತಗ್ಗಿಸುವ ಸಾಧನ ಪಯಣದ ಫಲವನ್ನೂ ತಗ್ಗಿಸುತ್ತದೆಯೇ?

ಇಂದು ನಮ್ಮ ಮಕ್ಕಳು ಕೇಳುವುದು ಕೊಡೆ ಕೋಲುಗಳನ್ನಲ್ಲ, ಗೇರಿನ ಸೈಕಲ್ಲನ್ನು. ದಪ್ಪ ಟೈರು, ಡಿಸ್ಕ್ ಬ್ರೇಕು, ತಲೆಗೆ ಹೆಲ್ಮೆಟ್ಟು ಎಲ್ಲವೂ ಬೇಕು. ಕಾಶಿಯ ನೆಲ ಸಮತಟ್ಟು. ಏರು ಬೇಕೆಂದರೆ ಚುನಾರ್, ಅಹರೌರಾ ಕಡೆಯ ವಿಂಧ್ಯದ ಗುಡ್ಡಗಳಿಗೇ ಹೋಗಬೇಕು. "ಹಾಲಿನ ಕ್ಯಾನುಗಳನ್ನು ಕಟ್ಟಿಕೊಂಡು ಹಳ್ಳಿಯಿಂದ ತುಳಿದು ಬರುವವನಿಗೆ ಯಾವ ಗೇರು? ಇದೆಲ್ಲ ಶೋಕಿ" ಎನ್ನುವ ಹಿರಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ.

ಆದರೆ ಈ ಗೇರು ಬಂದ ಬಗೆಯನ್ನು ನೋಡೋಣ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕೆಲವು ತರುಣರು ಮೂವತ್ತು ನಲವತ್ತು ವರ್ಷದಷ್ಟು ಹಳೆಯ, ಭಾರವಾದ ಸೈಕಲ್ಲುಗಳಲ್ಲಿ ಟಾಮಲ್ಪೈಸ್ ಬೆಟ್ಟದ ಮಣ್ಣುದಾರಿಗಳನ್ನು ಇಳಿಯತೊಡಗಿದರು. 1976ರಲ್ಲಿ ಆ ಪ್ರದೇಶದಲ್ಲಿ ಮೊದಲಾದ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು. ಇಳಿದು ಮುಗಿಸುವಷ್ಟರಲ್ಲಿ ಬ್ರೇಕಿನ ಗ್ರೀಸು ಸುಟ್ಟುಹೋಗಿ, ಮತ್ತೆ ತುಂಬಬೇಕಾಗುತ್ತಿತ್ತು. ಹತ್ತುವಾಗ ಮಾತ್ರ ಸೈಕಲ್ಲನ್ನು ತಳ್ಳಬೇಕು, ಇಲ್ಲವೇ ಟ್ರಕ್ಕಿಗೇರಿಸಬೇಕು. ತುಳಿದೇ ಹತ್ತಬೇಕೆಂಬ ಹಂಬಲ ಗೇರನ್ನು ಜೋಡಿಸಿತು. ಅಂದರೆ ಅಲ್ಲಿ ಗೇರು ಬಂದದ್ದು ಶ್ರಮ ತಪ್ಪಿಸಿಕೊಳ್ಳಲು ಅಲ್ಲ, ಶ್ರಮವನ್ನು ತಾವೇ ವಹಿಸಿಕೊಳ್ಳಲು.

ಕಾಲೇಜಿನಲ್ಲಿ ಓದಿದ ಭೌತಶಾಸ್ತ್ರವೂ ಇದನ್ನೇ ಹೇಳುತ್ತದೆ. ಮುಂದಿನ ಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 14 ಇದ್ದರೆ, ಪೆಡಲು ಒಮ್ಮೆ ಸುತ್ತಿದಾಗ ಹಿಂದಿನ ಗಾಲಿ 3 ಬಾರಿ ಸುತ್ತುತ್ತದೆ. ಎರಡಕ್ಕೂ 28 ಇದ್ದರೆ ಒಂದೇ ಬಾರಿ. ಕಾಲು ಹಾಕಬೇಕಾದ ಬಲ ಮೂರರಲ್ಲೊಂದು ಪಾಲಾಗುತ್ತದೆ, ನಿಜ. ಆದರೆ ಅದೇ ಏರಿಗೆ ಮೂರು ಪಟ್ಟು ತುಳಿಯಬೇಕು. ಬಲದಲ್ಲಿ ರಿಯಾಯಿತಿ ಉಂಟು, ಕೆಲಸದಲ್ಲಿ ಇಲ್ಲ. ಮೋಟಾರಿನ ಸಂಗತಿ ಬೇರೆ. ಅದು ಕೆಲಸವನ್ನೇ ನಮ್ಮಿಂದ ಕಿತ್ತುಕೊಳ್ಳುತ್ತದೆ.

ಕಾಶಿಯ ಪಂಚಕ್ರೋಶಿ ಯಾತ್ರೆಗೂ ಇದೇ ವಿಚಾರ ಅನ್ವಯಿಸೀತು. ಸುಮಾರು 80 ಕಿಲೋಮೀಟರಿನ ಪ್ರದಕ್ಷಿಣೆ ಅದು. ಕರ್ದಮೇಶ್ವರ, ಭೀಮಚಂಡಿ, ರಾಮೇಶ್ವರ, ಶಿವಪುರ, ಕಪಿಲಧಾರಾ ಎಂಬ ಐದು ತಂಗುದಾಣಗಳು; ಬರಿಗಾಲಿನಲ್ಲಿ ಐದು ದಿನ ನಡೆಯುವುದು ಸಂಪ್ರದಾಯ. ಅಧಿಕಮಾಸದಲ್ಲಿ ಜನ ಹೆಚ್ಚು. ಈಗ ವಾಹನದಲ್ಲಿ ಒಂದೇ ದಿನದಲ್ಲಿ ಸುತ್ತಿ ಬರುವವರೂ ಇದ್ದಾರೆ. ಕರ್ನಾಟಕ ಘಾಟಿಗೆ ಸ್ನಾನಕ್ಕೆ ಬರುವ ನಮ್ಮೂರುಗಳ ಯಾತ್ರಿಕರು "ಜೀಪಿನಲ್ಲಿ ಹೋದರೆ ಪುಣ್ಯ ಬಂದೀತೇ?" ಎಂದು ಕೇಳುವುದುಂಟು. ಪುಣ್ಯದ ಲೆಕ್ಕ ಇಡುವ ಅಧಿಕಾರ ನಮಗಿಲ್ಲ. ಮಂಡಿನೋವಿನ ಅಜ್ಜಿಗೆ ಐದು ಕಡೆ ಜೀಪಿನಿಂದ ಇಳಿದು ಹತ್ತುವುದೇ ಬೆಟ್ಟ ಹತ್ತಿದಷ್ಟು ಶ್ರಮ. ಆಕೆಗೆ ಜೀಪೇ ಗೇರು. ಗಟ್ಟಿಮುಟ್ಟಾದ ಮೊಮ್ಮಗ ಅದೇ ಜೀಪಿನಲ್ಲಿ ನಿದ್ರಿಸುತ್ತ ಹೋದರೆ ಅವನಿಗದು ಬರಿಯ ಮೋಟಾರು. ವಸ್ತು ಒಂದೇ, ಅದನ್ನು ಅಳೆಯಬೇಕಾದದ್ದು ಏರಿದವನ ಶಕ್ತಿಯಿಂದ.

ಊರು ಬಿಟ್ಟು ಬಂದ ನಾವು, ನಾವು ಪಟ್ಟ ಕಷ್ಟ ಮಕ್ಕಳಿಗೆ ಬೇಡವೆಂದು ದುಡಿಯುತ್ತೇವೆ. ಪ್ರೀತಿಯಿಂದಲೇ ಅವರ ಪ್ರತಿಯೊಂದು ಏರಿಗೂ ಮೋಟಾರು ಇಟ್ಟುಬಿಡುತ್ತೇವೆ: ಅರ್ಜಿ ನಾವೇ ಬರೆಯುತ್ತೇವೆ, ಕ್ಯೂ ನಾವೇ ನಿಲ್ಲುತ್ತೇವೆ, ಶಾಲೆಯ ಚೀಲವನ್ನೂ ನಾವೇ ಹೊರುತ್ತೇವೆ. ಅವರ ಶಕ್ತಿಗೆ ಮೀರಿದ ಏರಿನಲ್ಲಿ ನೆರವು ಕೊಡದಿರುವುದು ನಿರ್ದಯ. ಶಕ್ತಿಯೊಳಗಿನ ಏರನ್ನೂ ತಪ್ಪಿಸುವುದು ಅನ್ಯಾಯ. ಇವೆರಡರ ನಡುವಿನ ಗೆರೆ ಮಗುವಿನಿಂದ ಮಗುವಿಗೆ, ವರ್ಷದಿಂದ ವರ್ಷಕ್ಕೆ ಸರಿಯುತ್ತಿರುತ್ತದೆ. ಅದನ್ನು ಗಮನಿಸುತ್ತಿರುವುದೇ ತಂದೆತಾಯಿಗಳ ಕೆಲಸ. ಅದರಲ್ಲಿ ನಮಗೂ ರಿಯಾಯಿತಿ ಇಲ್ಲ.