ತವರಿನ ಗಾದಿ

ತೊಗರಿ ರಾಶಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಇಜೇರಿ ಕಡೆ ಲಗ್ನಗಳು ಶುರುವಾಗುತ್ತವೆ. ಬೆನ್ನಿಗೇ ಜೇವರ್ಗಿ, ಕಲಬುರಗಿಯ ಅಂಗಡಿಗಳಿಂದ ಮಂಚ, ಗಾದಿ, ತಿಜೋರಿ ಹೇರಿಕೊಂಡ ಟಂಟಂಗಳು ಹಳ್ಳಿಗಳತ್ತ ಹೊರಡುತ್ತವೆ. ಮಗಳಿಗೆ ಹೀಗೆ ಸಾಮಾನು ಕೊಡಬೇಕೋ ಬೇಡವೋ ಎನ್ನುವುದು ಬೇರೆಯೇ ವಾದ. ಕೊಡುತ್ತಾರೆ ಎನ್ನುವುದಂತೂ ಖರೆ. ಕೊಟ್ಟ ಸಾಮಾನಿನಲ್ಲಿ ಎಲ್ಲಕ್ಕಿಂತ ಮೊದಲು ಕೈ ಕೊಡುವುದು ಬಹಳ ಸಲ ಗಾದಿಯೇ.

'ಐದು ವರ್ಷ ಗ್ಯಾರಂಟಿ ಅದರೀ' ಎಂದು ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದು ಮಳೆಗಾಲ ಮುಗಿಯುವುದರೊಳಗೆ ನಟ್ಟನಡುವೆ ಕುಸಿದಿರುತ್ತದೆ. ಆಗ ಸೊಸೆಯಾಗಿ ಹೋದವಳು ಏನು ಮಾಡುತ್ತಾಳೆ? ತಗ್ಗಿನಲ್ಲಿ ಎರಡು ಕೌದಿ ಮಡಿಚಿಟ್ಟು, ಮೇಲೆ ಚಾದರ ಎಳೆದು ಸುಮ್ಮನಾಗುತ್ತಾಳೆ. ಅಪ್ಪನ ಕಿವಿಗೆ ಹಾಕಿದರೆ ಅಪ್ಪ ನೊಂದುಕೊಳ್ಳುತ್ತಾನೆ. ಅತ್ತೆಯ ಕಣ್ಣಿಗೆ ಬಿದ್ದರೆ 'ನಿಮ್ಮಪ್ಪ ಕೊಟ್ಟಿದ್ದು ಇದೇ ಏನವ್ವಾ' ಎಂಬ ಮಾತು ವರ್ಷಗಟ್ಟಲೆ ಉಳಿಯುತ್ತದೆ. ಹೀಗಾಗಿ ತಕರಾರು ಅಂಗಡಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಕಳಪೆ ಮಾಲು ಮಾರುವವನಿಗೆ ತವರಿನ ಮಾನಕ್ಕಿಂತ ದೊಡ್ಡ ವಕೀಲ ಇನ್ನೊಬ್ಬನಿಲ್ಲ ಎಂದು ನನಗನ್ನಿಸುತ್ತದೆ.

ನದಾಫರು ಮನೆಯಂಗಳಕ್ಕೇ ಬಂದು ಗಾದಿ ತುಂಬಿಕೊಡುತ್ತಿದ್ದ ಕಾಲದಲ್ಲಿ ಇಂಥ ಪೇಚು ಇರಲಿಲ್ಲ. ಹೊಲದ ಹತ್ತಿಯನ್ನು ಕಣ್ಣೆದುರೇ ಹಿಂಜಿ, ತುಂಬಿ, ಹೊಲಿಯುತ್ತಿದ್ದರು. ಗಂಟು ಕಟ್ಟಿದರೆ ಅವರೇ ಮತ್ತೆ ಬಿಚ್ಚಿ ಹಿಂಜುತ್ತಿದ್ದರು. ಒಳಗೇನು ಹೋಗಿದೆ ಎಂಬುದು ಮನೆಯವರಿಗೆಲ್ಲ ಗೊತ್ತಿರುತ್ತಿತ್ತು. ಈಗಿನ ಫೋಮ್ ಗಾದಿಯಲ್ಲಿ ನಮಗೆ ಕಾಣುವುದು ಹೂಬಳ್ಳಿಯ ಬಟ್ಟೆ ಮಾತ್ರ. ನಾವು ಕೇಳುವುದೂ 'ಎಷ್ಟು ಇಂಚು' ಎಂದಷ್ಟೇ. ಅಸಲಿಗೆ ಕೇಳಬೇಕಾದದ್ದು ಫೋಮಿನ ಸಾಂದ್ರತೆ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಅದು ಕಡಿಮೆಯಾದಷ್ಟೂ ಗಾದಿ ಬೇಗ ಕೂರುತ್ತದೆ. ಆರು ಇಂಚಿನ ಎರಡು ಗಾದಿ ಅಕ್ಕಪಕ್ಕ ಇಟ್ಟರೆ ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಆ ಸೊಸೆಗೆ ತಿಳಿಯಬೇಕಾದ ಸಂಗತಿಯೊಂದಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದುಡ್ಡು ಕೊಟ್ಟು ಕೊಂಡವನಷ್ಟೇ ಗ್ರಾಹಕನಲ್ಲ, ಅವನ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಬಿಲ್ಲು ಅಪ್ಪನ ಹೆಸರಿನಲ್ಲಿದ್ದರೂ ಮಗಳು ದೂರು ಕೊಡಬಹುದು. ಕಂಪನಿ ಎಲ್ಲೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲುತ್ತದೆ. ಇಜೇರಿಯವಳು ಬೆಂಗಳೂರಿಗೆ ಅಲೆಯಬೇಕಿಲ್ಲ, ಕಟ್ಟಿಸಂಗಾವಿ ಸೇತುವೆಯಲ್ಲಿ ಭೀಮಾ ದಾಟಿ ಕಲಬುರಗಿಗೆ ಹೋದರೆ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಗಡುವು ಮಾತ್ರ 2 ವರ್ಷ.

ಮೊದಲು ಅಂಗಡಿಗೇ ಹೋಗಬೇಕು ಅನ್ನಿ. ಅಲ್ಲಿ ಸಾವ್ಕಾರ್ರು 'ಕಂಪನಿಗೆ ಫೋನ್ ಹಚ್ರಿ' ಅನ್ನುತ್ತಾರೆ, ಕಂಪನಿಯವರು 'ತಗೊಂಡ ಅಂಗಡ್ಯಾಗೇ ಕೇಳ್ರಿ' ಅನ್ನುತ್ತಾರೆ. ಈ ಚೆಂಡಾಟಕ್ಕೆ ಸಿಗದೆ ಇಬ್ಬರಿಗೂ ಒಂದೇ ಕಾಗದ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಆಮೇಲೆ 1915ಕ್ಕೆ ಕರೆ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯವರು ದೂರು ಬರೆದುಕೊಂಡು ಕಂಪನಿಗೆ ದಾಟಿಸುತ್ತಾರೆ. ಹೆಸರು ಕಾಪಾಡಿಕೊಳ್ಳಬೇಕೆಂಬ ಕಂಪನಿ ಇಷ್ಟಕ್ಕೇ ಗಾದಿ ಬದಲಿಸಿಕೊಡುವುದೂ ಉಂಟು. 'ಮಾರಿದ ಮಾಲು ವಾಪಸ್ ಇಲ್ಲ' ಎಂದು ಬಿಲ್ಲಿನ ಅಡಿಯಲ್ಲಿ ಅಚ್ಚಾಗಿರುವ ಸಾಲಿಗೆ ಹೆದರಬೇಕಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯೇ ಬರೆದಿಲ್ಲವಾದರೆ 30 ದಿನದಲ್ಲಿ ವಾಪಸ್ ಪಡೆದು ಹಣ ಕೊಡಲು ಒಪ್ಪದಿದ್ದರೆ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ಆದರೂ ಲಗ್ನದ ಗದ್ದಲದಲ್ಲಿ 'ಜಿಎಸ್‌ಟಿ ಉಳೀತದ' ಎಂದು ಕಚ್ಚಾ ಚೀಟಿ ತರುವವರೇ ಹೆಚ್ಚು. ಅಂಥವರಿಗೆ ಫೋನ್‌ಪೇಯಲ್ಲಿ ಹಣ ಹೋದ ದಾಖಲೆಯಾದರೂ ಆಸರೆ. ರೊಕ್ಕ ಎಣಿಸಿ ಟೆಂಪೋದವನಿಂದ ಕೊಂಡಿದ್ದರೆ ಯಾರ ಮೇಲೆ ದೂರು ಕೊಡುವುದು?

ತಗ್ಗು ಬಿದ್ದಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಇಂತಿಷ್ಟು ಇಂಚಿಗಿಂತ ಕಡಿಮೆ ಕುಸಿದರೆ ಗ್ಯಾರಂಟಿಗೆ ಬರುವುದಿಲ್ಲವೆಂದು ಎಷ್ಟೋ ಕಾರ್ಡುಗಳಲ್ಲಿ ಸಣ್ಣಕ್ಷರದ ಇಂಗ್ಲಿಷಿನಲ್ಲಿರುತ್ತದೆ. ಅದಕ್ಕೆ ಗಾದಿಯ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಎಳೆದು ಹಿಡಿದು, ನಡುವಿನ ತಗ್ಗಿನಲ್ಲಿ ಶಾಲೆ ಹುಡುಗರ ಸ್ಕೇಲ್ ನಿಲ್ಲಿಸಿ ಫೋಟೊ ತೆಗೆಯಬೇಕು. ಮಂಚದ ಮೇಲೊಮ್ಮೆ, ನೆಲದ ಮೇಲೊಮ್ಮೆ. ಇಲ್ಲವಾದರೆ 'ನಿಮ್ಮ ಮಂಚದ ಪ್ಲೈವುಡ್ಡೇ ಬಾಗಿದೆ' ಎಂಬ ಉತ್ತರ ತಯಾರಿರುತ್ತದೆ. ಹೊಲಿಗೆ ಬಿಚ್ಚಬಾರದು, ಚೀಟಿ ಕೀಳಬಾರದು. ಇಷ್ಟಾದರೂ ಕಂಪನಿ ದೋಷ ಒಪ್ಪದಿದ್ದರೆ ಆಯೋಗ ಗಾದಿಯನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಖರ್ಚನ್ನು ಮೊದಲು ದೂರುದಾರರೇ ಕಟ್ಟಬೇಕಾಗುತ್ತದೆ.

ಎದುರು ಪಕ್ಷಕ್ಕೆ ನೋಟಿಸ್ ಮುಟ್ಟಿದ 3 ತಿಂಗಳಲ್ಲಿ, ಪರೀಕ್ಷೆ ಬೇಕಾದರೆ 5 ತಿಂಗಳಲ್ಲಿ ಪ್ರಕರಣ ಮುಗಿಯಬೇಕೆಂಬುದು ಕಾಯ್ದೆಯ ಅಪೇಕ್ಷೆ. ಅಪೇಕ್ಷೆ ಎಂದೇ ಇಟ್ಟುಕೊಳ್ಳೋಣ. ರೈಲ್ವೆ ಟಿಕೆಟ್ಟಿಗೆ 20 ರೂಪಾಯಿ ಹೆಚ್ಚು ಕಸಿದರೆಂದು ಮಥುರೆಯ ವಕೀಲರೊಬ್ಬರು ಹೂಡಿದ ದಾವೆ 22 ವರ್ಷ ಎಳೆದು 2022ರಲ್ಲಿ ಅವರ ಪರವಾಯಿತು. ಅದೇ 20 ರೂಪಾಯಿಯನ್ನು ಕೈಚೀಲಕ್ಕೆಂದು ವಸೂಲು ಮಾಡಿದ ಬೆಂಗಳೂರು ನಾಗಸಂದ್ರದ ಐಕಿಯಾ ಮಳಿಗೆಗೆ ಗ್ರಾಹಕರಿಗೆ ಪರಿಹಾರ, ಖರ್ಚು ಸೇರಿ 3,000 ರೂಪಾಯಿ ಕೊಡುವಂತೆ ಆಯೋಗ ಆದೇಶಿಸಲು ಹಿಡಿದದ್ದು ಸುಮಾರು ಒಂದು ವರ್ಷ. ಗಾದಿಯ ಪ್ರಕರಣ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೋ! ನಡುವೆ ರಾಜಿಗೆ ಅವಕಾಶವಿದ್ದಾಗ, ಅದೇ ಕಂಪನಿಯ ಇನ್ನೊಂದು ಗಾದಿಗಿಂತ ಹಣ ವಾಪಸ್ ಕೇಳುವುದೇ ಜಾಣತನ. ಒಂದೇ ಥರದ ಫೋಮ್ ಮತ್ತೊಂದು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಕೂತೀತು.

ಆದೇಶವಾದರೆ ಗಾದಿಯ ಬೆಲೆ ದೂರುದಾರರಿಗೆ ಸಲ್ಲುತ್ತದೆ. ಕೊಟ್ಟದ್ದು ಅಪ್ಪ, ದೂರಿದ್ದು ಮಗಳು, ಹಾಗಾಗಿ ಹಣ ಬರುವುದು ಮಗಳ ಖಾತೆಗೆ. ಅದರಲ್ಲಿ ಆಕೆ ಬೇರೆ ಗಾದಿಯನ್ನೇ ತರಬೇಕೆಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ.